ಪಂಚಮಿ ಬೋಟಿನ ಮರೆ

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಪಡುಗೋಡು ಬಂದರಿನ ನಿಯಂತ್ರಣ ಕೋಣೆಯಲ್ಲಿ, ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡಿತು. ಬೋಟಿನ ಹೆಸರು ಪಂಚಮಿ. ಸಂಕೇತ ನಾಲ್ಕು, ಅಂದರೆ ಒಳಗೆ ನೀರು ನುಗ್ಗಿದೆ. ಕೆಳಗೆ ಅಕ್ಷಾಂಶ, ರೇಖಾಂಶ. ಆರು ನಿಮಿಷ ಕಳೆದು ಅದೇ ಸಾಲು ಇನ್ನೊಮ್ಮೆ ಬಂತು. ಆಮೇಲೆ ಬರಲಿಲ್ಲ.

ಪಂಚಮಿಯನ್ನು ನಡೆಸುವ ತಾಂಡೇಲ ಸುಕೇಶ, ಪರದೆಯ ಮುಂದೆ ಕೂತಿದ್ದ ಶರಾವತಿಯ ಗಂಡ. ಅವನೂ ಅವನ ಕೈಕೆಳಗೆ ದುಡಿಯುವ ಕಲಾಸಿಗಳೂ ಸೇರಿ ಬೋಟಿನಲ್ಲಿ ಏಳು ಜನ. ಶರಾವತಿ ಸಾಲನ್ನು ಕೊನೆಯವರೆಗೆ ಓದಿದಳು. ಇಂಥ ಹೊತ್ತಿನಲ್ಲಿ ಯಾರೂ ದಿಕ್ಕುಗೆಡದಿರಲೆಂದೇ ಅವಳು ನಾಲ್ಕು ವರ್ಷ ದುಡಿದಿದ್ದಳು. ಬೋಟು ಎಲ್ಲಿದೆ ಎಂಬುದು ಹದಿನೈದು ಮೀಟರಿನೊಳಗೆ ಗೊತ್ತಿತ್ತು. ಕಾವಲು ಹಡಗೊಂದು ಅಲ್ಲಿಂದ ಎರಡು ಗಂಟೆಯ ದೂರದಲ್ಲಿತ್ತು. ಏಳೂ ಜನರಿಗೆ ತೇಲುವ ಅಂಗಿಗಳಿದ್ದವು. ನೀರು ಬೆಚ್ಚಗಿತ್ತು.

ಅವಳು ಹಡಗಿಗೆ ಅಂಕಿಗಳನ್ನು ಎರಡು ಸಲ ಓದಿ ಹೇಳಿದಳು. ಆಮೇಲೆ ಅಣ್ಣ ದಿನಕರನಿಗೆ ಫೋನು ಮಾಡಿದಳು. ಅವನು ಅವಳ ತವರುಮನೆಯ ಬೋಟು ಜಲರಾಶಿಯ ತಾಂಡೇಲ. ಅವತ್ತು ಬಲೆ ರಿಪೇರಿಗೆಂದು ದಡದಲ್ಲೇ ಇದ್ದ.

"ಭಾವನ ಬೋಟಿಗೆ ನೀರ್ ಹೊಕ್ಕಿತಂಬ್ರ್. ಹಡ್ಗ್ ಹೊರ್ಟಿತ್ತ್. ನೀ ಗಾಬ್ರಿ ಮಾಡ್ಕಣ್ಬೇಡ," ಎಂದಳು.

"ನಾ ಎಂತಕ್ಕೆ ಗಾಬ್ರಿ ಮಾಡ್ಕಂತೆ? ನಿನ್ ಸ್ವರ ಕಾಣ್ ಹ್ಯಾಂಗಿತ್ತ್ ಅಂದೇಳಿ," ಎಂದ ಅವನು. ಹತ್ತು ನಿಮಿಷದಲ್ಲಿ ಮೆಟ್ಟಿಲು ಹತ್ತಿ ಬಂದು, ಅವಳ ಹಿಂದಿನ ಸ್ಟೂಲಿನಲ್ಲಿ ಕುಳಿತ.

ಕೆಲವು ವರ್ಷಗಳಿಂದ ಆ ಕಡಲಿನಲ್ಲಿ ದಾರಿ ತೋರಿಸುವ ಉಪಗ್ರಹವನ್ನು ಯಾರೂ ನಂಬುತ್ತಿರಲಿಲ್ಲ. ದೂರದ ಯಾವುದೋ ಯುದ್ಧದಲ್ಲಿ ಎರಡೂ ಕಡೆಯವರು ನಕಲಿ ಸಂಕೇತಗಳನ್ನು ಹರಿಯಬಿಟ್ಟಿದ್ದರು. ಕಾರವಾರದ ಎದುರಿನಲ್ಲಿದ್ದ ಬೋಟಿಗೆ ಅದರ ಯಂತ್ರ ನೀನು ಮಸ್ಕತ್ತಿನಲ್ಲಿದ್ದೀಯೆ ಎನ್ನುತ್ತಿತ್ತು. ಮೊದಲ ವರ್ಷವೇ ಮೂರು ಬೋಟುಗಳು ಬಂಡೆಗೆ ಬಡಿದವು. ಬೆಂಗಳೂರಿನ ಪ್ರಯೋಗಾಲಯವೊಂದು ಆಗ, ಉಪಗ್ರಹವಿಲ್ಲದೆಯೂ ಬೋಟಿನ ಜಾಗ ಹೇಳುವ ಪೆಟ್ಟಿಗೆಯೊಂದನ್ನು ಮಾಡಿತು. ಭೌತಶಾಸ್ತ್ರ ಓದಿದ್ದ, ಮೀನುಗಾರರ ಮನೆಯಲ್ಲೇ ಹುಟ್ಟಿದ್ದ ಶರಾವತಿಯನ್ನು ಬಂದರಿನ ಕೆಲಸಕ್ಕೆ ನೇಮಿಸಿತು.

ಪೆಟ್ಟಿಗೆ ಬಂದ ವಾರ ಸುಕೇಶ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳಿದ್ದ. ಅವಳು ಬಂಗುಡೆ ಹೆಚ್ಚುತ್ತಿದ್ದಳು.

"ಅದ್ರೊಳ್ಗ್ ಎಂತ ಇತ್ತ್ ಮಾರಾಯ್ತಿ? ಕಲಾಸಿಗಳೆಲ್ಲ ದೆವ್ವ ಇತ್ತ್ ಅಂತಿದ್ರ್."

"ರುಬಿಡಿಯಂ ಅಂದೇಳಿ ಒಂದ್ ಲೋಹ. ಅದ್ರ ಒಂಚೂರ್ ಆವಿ. ಅದ್ರಂಗಿಪ್ಪು ಪರಮಾಣುಗಳನ್ನ ಲೇಸರ್ ಬೆಳಕಲ್ಲಿ ಹಿಡ್ದ್ ತಣ್ಸುದ್. ಎಷ್ಟ್ ತಣ್ಸುದಂದ್ರೆ, ಅವು ಹೆಚ್ಚ್ ಕಮ್ಮಿ ನಿಂತೇ ಬಿಡ್ತೊ."

"ನಿಂತ್ಕಂಡ್ ಎಂತ ಮಾಡ್ತೊ?"

"ಎಂತದೂ ಮಾಡುದಿಲ್ಲೆ. ಅದೇ ಅವುಗಳ ಕೆಲ್ಸ. ನೀವ್ ಬಸ್ಸಲ್ ಕಣ್ ಮುಚ್ಕಂಡ್ ಕೂತ್ರೂ ಡ್ರೈವರ್ ಬ್ರೇಕ್ ಹಾಕ್ದ, ಬಲಕ್ಕ್ ತಿರ್ಗ್ಸಿದ ಅಂದೇಳಿ ಮೈಗ್ ಗೊತ್ತಾತ್ತಲ್ದಾ? ಬೋಟ್ ಓಡತ್ತ್, ಪರಮಾಣು ಇದ್ದಲ್ಲೇ ಇರತ್ತ್. ಬೋಟ್ ಎಷ್ಟ್ ಸರೀತ್, ಎತ್ಲಾಗ್ ತಿರ್ಗ್ತ್ ಅಂದೇಳಿ ಅವುಗಳ ಅಲೆ ಕಂಡ್ ಲೆಕ್ಕ ಹಾಕುದ್. ಸೆಕೆಂಡಿಗ್ ನಾಕ್ ಸಲ. ಆಕಾಶ ಕಾಂಬುದೇ ಬೇಡ."

"ಮತ್ತ್ ಉಪಗ್ರಹ?"

"ಅದ್ ಬರೀ ಗಂಟೆ ಹೊಡೀತ್, ಅಷ್ಟೇ. ಗಂಟೆ ಕೇಂಬುಕ್ ಎಷ್ಟ್ ತಡ ಆಯ್ತ್ ಅಂದೇಳಿ ನಾವೇ ದೂರ ಲೆಕ್ಕ ಹಾಕುದ್. ಯಾರಾರೂ ಸುಳ್ ಗಂಟೆ ಹೊಡ್ದ್ರೆ ಮುಗೀತ್. ಅದ್ಕೇ ಪೆಟ್ಟಿಗೆ ಎರಡನ್ನೂ ತಾಳೆ ನೋಡತ್ತ್. ಉಪಗ್ರಹ ಸರಿ ಇದ್ರೆ ತಕಂತ್ತ್, ಎರಡ್ ಕಿಲೋಮೀಟ್ರಿಗಿಂತ ಹೆಚ್ಚ್ ವ್ಯತ್ಯಾಸ ಬಂದ್ರೆ ಸುಳ್ ಅಂದೇಳಿ ಬಿಡತ್ತ್."

ಸುಕೇಶ ಹೊಸ್ತಿಲಿನಿಂದ ಒಳಗೆ ಸರಿದು ಕೂತ. "ಹಂಗಾರೆ ಎಲ್ಲಿಂದ ಹೊರ್ಟಿದ್ ಅಂದೇಳಿ ಅದ್ಕ್ ಯಾರ್ ಹೇಳುದ್?"

"ನೀವೇ ಹೇಳ್ಕ್. ದಕ್ಕೆಲಿ ಬೋಟ್ ಬಿಗಿಯಾಯ್ ಕಟ್ಟಿ, ಅಂಕಿ ಒತ್ತಿ, ಹನ್ನೆರಡ್ ನಿಮಿಷ ಅಲ್ಲಾಡ್ದೆ ಇರ್ಕ್. ಆಮೇಲೆ ಅದ್ ಯಾರನ್ನೂ ಕೇಂಬುದಿಲ್ಲೆ."

"ಯಾರನ್ನೂ ಕೇಂಬುದಿಲ್ಲೆ," ಎಂದು ಅವನು ನಕ್ಕಿದ್ದ. "ಒಳ್ಳೆ ತಾಂಡೇಲನೇ ಸೈ."

ಆ ನಗುವಿನ ಅರ್ಥ ಅವಳಿಗೆ ಆಗಲೇ ಗೊತ್ತಾಗಿತ್ತು. ಆದರೂ ಅವಳು ಏನೂ ಕೇಳಲಿಲ್ಲ. ಕೇಳುವಂಥದ್ದಾಗಿರಲಿಲ್ಲ.

ಆ ಕರಾವಳಿಯ ತಾಂಡೇಲರಲ್ಲಿ ಒಂದು ರೂಢಿಯಿದೆ. ಅದಕ್ಕೆ ಮರೆ ಎನ್ನುತ್ತಾರೆ. ಮೀನು ಸಿಗುವ ಜಾಗ ತಾಂಡೇಲನ ಆಸ್ತಿ. ಆದರೆ ಕಲಾಸಿಗಳು ಪ್ರತಿ ವರ್ಷ ಬೋಟು ಬದಲಿಸುತ್ತಾರೆ. ಯಂತ್ರದ ಅಂಕಿಗಳನ್ನು ನೆನಪಿಟ್ಟುಕೊಂಡು ಮುಂದಿನ ವರ್ಷ ಇನ್ನೊಬ್ಬ ತಾಂಡೇಲನಿಗೆ ಹೇಳಿಬಿಡಬಹುದು. ಅದಕ್ಕಾಗಿ ಪ್ರತಿ ತಾಂಡೇಲನೂ ತನ್ನ ಯಂತ್ರಕ್ಕೆ ಒಂದು ತಪ್ಪು ಕಲಿಸಿಡುತ್ತಾನೆ. ಬಡಗಿಗೆ ಎಂದರೆ ಉತ್ತರಕ್ಕೆ ಇಷ್ಟು ಮೈಲಿ, ಪಡುವಿಗೆ ಎಂದರೆ ಪಶ್ಚಿಮಕ್ಕೆ ಇಷ್ಟು ಮೈಲಿ. ಯಂತ್ರ ತೋರಿಸುವುದು ಸುಳ್ಳು, ತಾಂಡೇಲ ಮನಸ್ಸಿನಲ್ಲೇ ಕಳೆದು ನಿಜ ಮಾಡಿಕೊಳ್ಳುತ್ತಾನೆ. ಹಳೆಯ ಯಂತ್ರಗಳಲ್ಲಿ ಆ ತಪ್ಪು ಪರದೆಯ ಮೇಲಷ್ಟೇ ಇರುತ್ತಿತ್ತು, ಅದರಿಂದ ಯಾರಿಗೂ ಕೇಡಾಗಿರಲಿಲ್ಲ. ಮರೆಯನ್ನು ಅಪ್ಪ ಮಗನಿಗೆ ಹೇಳುತ್ತಾನೆ, ಬೋಟು ಕೊಡುವ ದಿನ. ಹೆಂಗಸರಿಗೆ ಹೇಳುವುದಿಲ್ಲ. ಮಗಳು ನಾಳೆ ಬೇರೆ ಬೋಟಿನ ಮನೆ ಸೇರುವವಳು. ಹೆಂಡತಿ ಬೇರೆ ಬೋಟಿನ ಮನೆಯಿಂದ ಬಂದವಳು. ಹೀಗಾಗಿ ಶರಾವತಿಗೆ ತವರಿನ ಮರೆಯೂ ಗೊತ್ತಿರಲಿಲ್ಲ, ಗಂಡನ ಮರೆಯೂ ಗೊತ್ತಿರಲಿಲ್ಲ.

ಪೆಟ್ಟಿಗೆ ಹಾಕಿಸಿಕೊಳ್ಳುವಾಗ ತಾಂಡೇಲರು ಹೋದ ದಾರಿಯ ದಾಖಲೆ ದಡಕ್ಕೆ ಬರಬಾರದು, ಪರದೆಯಲ್ಲಿ ನಕ್ಷೆ ಬೇಡ, ಬರೀ ಅಂಕಿ ಸಾಕು ಎಂದಿದ್ದರು. ಪ್ರಯೋಗಾಲಯ ಒಪ್ಪಿತು. ಹೊರಡುವ ಮುಂಚಿನ ಆ ಹನ್ನೆರಡು ನಿಮಿಷ ಪ್ರತಿ ತಾಂಡೇಲನೂ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಒಬ್ಬನೇ ಕೂರುತ್ತಿದ್ದ. ದೇವರಿಗೆ ಕೈಮುಗಿಯುವ ಹೊತ್ತು ಎಂದು ಕಲಾಸಿಗಳನ್ನು ದಕ್ಕೆಯಲ್ಲೇ ನಿಲ್ಲಿಸುತ್ತಿದ್ದ. ಬೆಂಗಳೂರಿನಿಂದ ಬಂದ ಪ್ರಶ್ನಾವಳಿಯಲ್ಲಿ ಹತ್ತೊಂಬತ್ತನೆಯ ಪ್ರಶ್ನೆ ಹೀಗಿತ್ತು: ಆರಂಭದ ಸ್ಥಾನವನ್ನು ತಪ್ಪಾಗಿ ಕೊಡುವ ಸಾಧ್ಯತೆ ಇದೆಯೇ?

ಶರಾವತಿ ಪೆನ್ನು ಹಿಡಿದು ತುಸು ಹೊತ್ತು ಕೂತಿದ್ದಳು. ಆಮೇಲೆ ಬರೆದಳು: ಇಲ್ಲ. ತಾವು ಯಾವ ದಕ್ಕೆಯಿಂದ ಹೊರಟೆವು ಎಂದು ತಾಂಡೇಲರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹೊರಗಿನವರಿಗೆ ಮರೆಯ ಸುದ್ದಿ ಹೇಳಬಾರದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸುವ ಅಗತ್ಯವೇ ಇರಲಿಲ್ಲ.

ಹನ್ನೊಂದು ಮುಕ್ಕಾಲಿಗೆ ಹಡಗಿನಿಂದ ಕರೆ ಬಂತು. ಹೇಳಿದ ಜಾಗಕ್ಕೆ ಬಂದಿದ್ದೇವೆ. ಬೋಟಿಲ್ಲ, ಮನುಷ್ಯರಿಲ್ಲ. ಎಣ್ಣೆಯ ಗುರುತಿಲ್ಲ, ಹಲಗೆಯಿಲ್ಲ. ಸಮುದ್ರ ಸ್ವಚ್ಛವಾಗಿದೆ.

ಶರಾವತಿ ಹಿಂದಕ್ಕೆ ತಿರುಗಿದಳು. ದಿನಕರ ಅವಳ ಮುಖ ನೋಡದೆ ನೆಲ ನೋಡುತ್ತಿದ್ದ.

"ಅಣ್ಣಯ್ಯ, ನೀವೆಲ್ಲ ಪೆಟ್ಟಿಗೆಗೂ ಮರೆ ಹಾಕ್ತ್ರ್ಯಾ?"

ಅವನು ಸ್ಟೂಲನ್ನು ಹಿಂದಕ್ಕೆ ಸರಿಸಿದ.

"ಹೇಳ್."

"ನಿಂಗ್ ಗೊತ್ತಿತ್ತಲೆ," ಎಂದ ಅವನು.

ಅವಳು ಪರದೆಯ ಕಡೆ ತಿರುಗಿದಳು. ಬಂದ ಅಂಕಿಗಳು ಅಲ್ಲೇ ಇದ್ದವು. ಪೆಟ್ಟಿಗೆ ಒಂದಿಷ್ಟೂ ಸುಳ್ಳು ಹೇಳಿರಲಿಲ್ಲ. ತನಗೆ ಹೇಳಿದ ಜಾಗದಿಂದ ಹೊರಟು, ಎಂಟು ದಿನದ ಪ್ರತಿ ಅಲೆಯನ್ನೂ ಪ್ರತಿ ತಿರುವನ್ನೂ ಕೂಡಿಸಿ, ತಾನೆಲ್ಲಿರಬೇಕೋ ಅದನ್ನು ಹದಿನೈದು ಮೀಟರಿನೊಳಗೆ ಹೇಳಿತ್ತು. ನಡುವೆ ಎಷ್ಟೋ ಸಲ ಆಕಾಶದಿಂದ ನಿಜವಾದ ಸಂಕೇತ ಬಂದಿರಬೇಕು. ಪೆಟ್ಟಿಗೆ ಅದನ್ನು ತನ್ನ ಲೆಕ್ಕದೊಡನೆ ಹೋಲಿಸಿ, ಇಷ್ಟು ವ್ಯತ್ಯಾಸ ಬಂದರೆ ಇದು ಸುಳ್ಳೇ ಎಂದು ಬಿಟ್ಟುಬಿಟ್ಟಿರಬೇಕು. ಆ ಎರಡು ಕಿಲೋಮೀಟರಿನ ನಿಯಮ ಶರಾವತಿಯದೇ. ಸಹಿ ಹಾಕಿದವಳೂ ಅವಳೇ.

ಬೆಂಗಳೂರಿಗೆ ಫೋನು ಮಾಡಿದಳು. ಯೋಜನೆಯ ಮುಖ್ಯಸ್ಥ ಕಶ್ಯಪ್ ಎತ್ತಿಕೊಂಡರು. ಅವಳು ನಾಲ್ಕು ವಾಕ್ಯದಲ್ಲಿ ಎಲ್ಲ ಹೇಳಿದಳು.

"ಒಂದ್ನಿಮಿಷ," ಎಂದರು ಕಶ್ಯಪ್. "ಬೇಕೂ ಬೇಕೂ ಅಂತ ತಪ್ಪು ಜಾಗ ಹಾಕ್ತಾರಾ? ಎಲ್ಲರೂನಾ?"

"ಹೌದು ಸರ್."

"ಇದು ನಿಮಗೆ ಮೊದಲೇ ಗೊತ್ತಿತ್ತಾ ಶರಾವತಿ?"

"ಗೊತ್ತಿತ್ತು ಸರ್. ಪೆಟ್ಟಿಗೆ ಬಿಟ್ಟುಹಾಕಿದ ಉಪಗ್ರಹದ ಅಂಕಿಗಳು ನಮಗೆ ಸಿಗುತ್ತವೆಯೇ?"

"ಪೆಟ್ಟಿಗೆ ಒಳಗಿರತ್ತೆ. ಸಂದೇಶದಲ್ಲಿ ಬರಲ್ಲ. ಸಂದೇಶ ಚಿಕ್ಕದಾಗಿರಬೇಕು ಅಂತ ನಾವೇ ತಾನೆ ಕತ್ತರಿಸಿದ್ದು?"

"ಸಂದೇಶ ತಂದುಕೊಟ್ಟ ಉಪಗ್ರಹಕ್ಕೆ ಗೊತ್ತಿರುತ್ತದೆಯೇ?"

"ಅರಬ್ಬಿ ಸಮುದ್ರದಿಂದ ಬಂತು ಅನ್ನೋದಷ್ಟೇ ಗೊತ್ತಿರತ್ತಮ್ಮಾ." ಅವರು ಹಿಂದೆಂದೂ ಅವಳನ್ನು ಅಮ್ಮಾ ಎಂದಿರಲಿಲ್ಲ.

ತುರ್ತು ಗುಂಡಿಯನ್ನು ರೂಪಿಸಿದ್ದೂ ಅವಳೇ. ಒದ್ದೆ ಕೈಯಲ್ಲಿ ಅಂಕಿ ಒತ್ತುವುದು ಕಷ್ಟವೆಂದು ಒಂದೇ ಗುಂಡಿ ಇಡಿಸಿದ್ದಳು. ಒತ್ತಿದರೆ ಪೆಟ್ಟಿಗೆಯ ಸ್ಥಾನ ತಾನಾಗಿ ಹೋಗುತ್ತದೆ. ಬೇರೆ ಮಾತು ಸೇರಿಸಲು ಅದರಲ್ಲಿ ಜಾಗವಿಲ್ಲ. ವೈರ್‌ಲೆಸ್ಸಿನಲ್ಲಿ ಹೇಳೋಣವೆಂದರೆ ಅಷ್ಟು ದೂರ ಕೇಳುವುದಿಲ್ಲ. ಸುಕೇಶನಿಗೆ ಇದೆಲ್ಲ ಗೊತ್ತಿತ್ತು. ಅವನಿಗೆ ಅವಳು ಚೆನ್ನಾಗಿಯೇ ವಿವರಿಸಿದ್ದಳು. ಗುಂಡಿ ಒತ್ತಿದಾಗ ಹಡಗು ಎಲ್ಲಿಗೆ ಹೋಗುತ್ತದೆಂದು ಅವನಿಗೆ ತಿಳಿದಿತ್ತು. ಆರು ನಿಮಿಷ ಬಿಟ್ಟು ಇನ್ನೊಮ್ಮೆ ಒತ್ತಿದ್ದ.

ಮನೆ ಬಂದರಿಗೆ ಕೂಗಳತೆಯಲ್ಲಿತ್ತು. ಮಾವ ಬಚ್ಚ ತಾಂಡೇಲ ಚಾವಡಿಯಲ್ಲಿ ಹರಿದ ಬಲೆಯ ಕಣ್ಣು ಕಟ್ಟುತ್ತಿದ್ದರು. ಸೊಂಟ ಬಿದ್ದ ಮೇಲೆ ಕಡಲಿಗೆ ಹೋಗುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಸುದ್ದಿ ಅವರಿಗೆ ಮುಟ್ಟಿತ್ತು. ಆದರೂ ಕೈ ನಿಂತಿರಲಿಲ್ಲ. ಶರಾವತಿಯ ಹಿಂದೆಯೇ ದಿನಕರನೂ, ಬಂದರಿನ ಹಿರಿಯ ಅಣ್ಣಪ್ಪ ತಾಂಡೇಲನೂ ಬಂದರು.

"ಮಾವ, ಮರೆ ಎಷ್ಟ್?"

ಮುದುಕರು ಅವಳನ್ನು ನೋಡಿದರು, ಅವಳ ಹಿಂದೆ ನಿಂತವರನ್ನೂ ನೋಡಿದರು. ಒಬ್ಬ ಜಲರಾಶಿಯವ, ಇನ್ನೊಬ್ಬನದು ನಾಲ್ಕು ಬೋಟು.

"ಸುಕೇಶ ಬತ್ತ," ಎಂದರು. "ಅಂವ ಈಜೂಕ್ ಕಲ್ತದ್ದ್ ನಡೆಯೂಕ್ ಮುಂಚೆ."

"ಮಾವ, ಹಡ್ಗ್ ಬೇರೆ ಕಡೆ ಹುಡುಕ್ತಾ ಇತ್ತ್. ಹೊತ್ತ್ ಹೋತಿತ್ತ್."

"ಇವ್ರ್ ಎದ್ರಿಗಾ?"

ಅಣ್ಣಪ್ಪ ಅಂಗಳಕ್ಕಿಳಿದು ಗೇಟಿನಾಚೆ ಹೋದ. ದಿನಕರನೂ ಹೋದ. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ರಸ್ತೆಯ ಕಡೆ ಮುಖ ಮಾಡಿ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಮುದುಕರು ಸೊಸೆಯ ಮುಖವನ್ನು ಅಳೆಯುವಂತೆ ನೋಡಿದರು.

"ನಿಮ್ಮಪ್ಪಯ್ಯ ಮೂವತ್ತ್ ವರ್ಷ ನಮ್ಮ ಬೋಟಿನ್ ಬೆನ್ನ್ ಬಿದ್ದಿದ್ದ, ಗೊತ್ತಿತ್ತಾ? ಒಂದ್ ಸಲವೂ ಸಿಕ್ಕಲ್ಲೆ."

"ಮಾವ."

"ಬಡಗಿಗೆ ಏಳ್. ಪಡುವಿಗೆ ಹನ್ನೊಂದ್." ಹೇಳಿ ಮುದುಕರು ಕಣ್ಣು ಮುಚ್ಚಿದರು.

ಅವಳು ಓಡಲಿಲ್ಲ, ಅಲ್ಲಿಂದಲೇ ಫೋನಿನಲ್ಲಿ ಲೆಕ್ಕ ಹೇಳಿದಳು. ಬಂದ ಅಂಕಿಯಿಂದ ತೆಂಕಿಗೆ ಏಳು, ಮೂಡಿಗೆ ಹನ್ನೊಂದು ಕಡಲ ಮೈಲಿ. ಹಡಗು ತಿರುಗಿತು. ಎರಡು ಗಂಟೆಗೆ ಅಲ್ಲಿಗೆ ತಲುಪಿತು. ಸುತ್ತಲೂ ಐದು ಮೈಲಿ ಸುತ್ತಿತು. ಅಲ್ಲಿಯೂ ಸಮುದ್ರ ಸ್ವಚ್ಛವಾಗಿತ್ತು.

ಅವಳು ಮಾವನಿಗೆ ಹೇಳಿದಳು.

"ಬದ್ಲಿಸಿದ ಕಾಣತ್ತ್," ಎಂದರು ಅವರು.

"ನೀವ್ ಕೊಟ್ಟದ್ದನ್ನ?"

"ನಾನೂ ಬದ್ಲಿಸಿದ್ದೆ, ನಮ್ಮಪ್ಪ ಕೊಟ್ಟದ್ದನ್ನ." ಅವರು ಬಲೆಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಎಲ್ಲರೂ ಬದ್ಲಿಸ್ತ್ರ್ ಮಗಾ. ಹೇಳುದಿಲ್ಲೆ ಅಷ್ಟೇ."

ಮೂವತ್ತು ಮೈಲಿಗಿಂತ ಹೆಚ್ಚಿನ ಮರೆಯನ್ನು ಯಾರೂ ಹಾಕುವುದಿಲ್ಲವೆಂದು ಅಣ್ಣಪ್ಪ ಹೇಳಿದ. ಮೂವತ್ತು ಮೈಲಿಯ ವೃತ್ತವೆಂದರೆ ಸುಮಾರು ಒಂಬತ್ತು ಸಾವಿರದ ಏಳು ನೂರು ಚದರ ಕಿಲೋಮೀಟರು, ಉಡುಪಿ ಜಿಲ್ಲೆಯ ಎರಡೂವರೆ ಪಟ್ಟು. ಶರಾವತಿ ಅದನ್ನು ಚೌಕಗಳಾಗಿ ಗೆರೆ ಹಾಕಿ ಹಂಚಿದಳು. ಒಂದು ವಿಮಾನ, ಎರಡು ಹಡಗು, ಬಂದರಿನ ಇಪ್ಪತ್ತಾರು ಬೋಟು. ಮೊದಲ ದಿನ ಮೋಡ ತಗ್ಗಿತ್ತು, ವಿಮಾನಕ್ಕೆ ಏನೂ ಕಾಣಲಿಲ್ಲ. ಎರಡನೆಯ ದಿನ ಗಾಳಿ ಎದ್ದಿತು. ಇನ್ನೊಂದು ತೊಡಕು ಇತ್ತು. ಹುಡುಕಲು ಹೊರಟ ಬೋಟುಗಳ ಪೆಟ್ಟಿಗೆಗಳಲ್ಲೂ ಮರೆ ಇತ್ತು. ಮೂರನೆಯ ಚೌಕ ನೋಡಿ ಬಂದೆವು ಎಂದವರು ನಿಜವಾಗಿ ಯಾವ ಚೌಕ ನೋಡಿದ್ದರೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಸರಿಯಾಗಿ ಕಳೆದು ನೋಡಿದ್ದೇವೆಂದು ಅವರು ಆಣೆ ಹಾಕಿದರು. ಕಳೆದಿದ್ದರೂ ಇರಬಹುದು.

ಮೂರನೆಯ ದಿನ ಆಕಾಶದಲ್ಲಿ ನಕಲಿ ಸಂಕೇತ ನಿಂತಿತು. ಯುದ್ಧದವರು ಯಾವುದೋ ಮಾತುಕತೆಗೆ ಕೂತಿದ್ದರಂತೆ. ಹಳೆಯ ಯಂತ್ರಗಳೆಲ್ಲ ಸರಿಯಾದ ಜಾಗ ತೋರಿಸಿದವು. ಪೆಟ್ಟಿಗೆಗಳು ಮಾತ್ರ ಉಪಗ್ರಹಗಳನ್ನು ಸುಳ್ಳೆಂದು ತಳ್ಳಿಹಾಕುತ್ತಲೇ ಇದ್ದವು. ಐದನೆಯ ದಿನ ಮಧ್ಯಾಹ್ನ ಹುಡುಕಾಟ ನಿಲ್ಲಿಸಿದರು. ದಿನಕರ ಮತ್ತೆರಡು ದಿನ ಒಬ್ಬನೇ ತಿರುಗಿ, ಡೀಸೆಲ್ ಮುಗಿದ ಮೇಲೆ ಬಂದ.

ಶರಾವತಿ ಕೆಲಸಕ್ಕೆ ಹೋಗುವುದನ್ನು ತಪ್ಪಿಸಲಿಲ್ಲ. ಮನೆಯಲ್ಲಿ ಯಾರೂ ಅತ್ತಿರಲಿಲ್ಲ. ಹೆಣ ಸಿಗದೆ ಅಳುವ ಕ್ರಮವಿಲ್ಲ. ಅವಳ ಕರಿಮಣಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮಾವ ಊಟಕ್ಕೆ ಕೂತಾಗ ಮೂರು ತಟ್ಟೆ ಇಡು ಎನ್ನುತ್ತಿರಲಿಲ್ಲ, ಎರಡು ಇಡು ಎಂದೂ ಹೇಳುತ್ತಿರಲಿಲ್ಲ. ಅವಳು ಒಂದು ದಿನ ಮೂರು ಇಡುತ್ತಿದ್ದಳು, ಒಂದು ದಿನ ಎರಡು.

ಇಪ್ಪತ್ತನೆಯ ದಿನ ಬೆಂಗಳೂರಿನಿಂದ ಆದೇಶ ಬಂತು. ಮುಂದಿನ ತಿಂಗಳಿಂದ ಆರಂಭದ ಸ್ಥಾನವನ್ನು ದಕ್ಕೆಯಲ್ಲಿ ನೆಡುವ ಕಂಬವೇ ಪೆಟ್ಟಿಗೆಗೆ ಹೇಳುತ್ತದೆ, ತಾಂಡೇಲ ಮುಟ್ಟುವಂತಿಲ್ಲ. ಕರಡು ಬರೆದವಳು ಶರಾವತಿಯೇ. ಹರಾಜು ಕಟ್ಟೆಯಲ್ಲಿ ಅದನ್ನು ಓದಿ ಹೇಳಿದಳು. ಯಾರೂ ಕೂಗಾಡಲಿಲ್ಲ. ಮರುದಿನ ಒಂಬತ್ತು ಪೆಟ್ಟಿಗೆಗಳು ತಂತಿ ಕತ್ತರಿಸಿಕೊಂಡು ನಿಯಂತ್ರಣ ಕೋಣೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದವು. ಬೋಟುಗಳು ಕಡಲಿಗೆ ಹೋಗಿದ್ದವು. ಯುದ್ಧದವರ ಮಾತುಕತೆ ಅದಾಗಲೇ ಮುರಿದಿತ್ತು, ಆಕಾಶದ ತುಂಬ ಮತ್ತೆ ಸುಳ್ಳು ಗಂಟೆ. ಆ ಒಂಬತ್ತರಲ್ಲಿ ಒಂದು ಬೋಟು ತಿರುಗಿ ಬರುವಾಗ ಕಲ್ಲಿಗೆ ತಾಗಿ, ಇಬ್ಬರು ಕಲಾಸಿಗಳ ಕಾಲು ಮುರಿಯಿತು.

ಅದರ ಮಾರನೆಯ ದಿನ, ಸಂಜೆ ನಾಲ್ಕರ ಹೊತ್ತಿಗೆ ಅಣ್ಣಪ್ಪ ತಾಂಡೇಲ ಮನೆಗೆ ಬಂದ. ಹಿಂದೆ ದಿನಕರ. ಗೇಟಿನಾಚೆ ಇನ್ನೂ ಕೆಲವರು. ಮಾವ ಒಳಕೋಣೆಯಲ್ಲಿ ಮಲಗಿದ್ದರು. ಅಣ್ಣಪ್ಪ ಚಾವಡಿಯ ಅಂಚಿನಲ್ಲಿ ಕೂತು, ತಲೆಯ ಮುಂಡಾಸು ಬಿಚ್ಚಿ ತೊಡೆಯ ಮೇಲಿಟ್ಟ.

"ಹೆಣ್ಣೇ, ಪೆಟ್ಟಿಗೆ ಬೇಕ್ ನಮ್ಗೆ. ಮರೆಯೂ ಬೇಕ್. ಎರಡನ್ನೂ ಬಿಟ್ಟ್ ಬದ್ಕುಕಾತಿಲ್ಲೆ."

"ನಾನ್ ಎಂತ ಮಾಡ್ಕ್ ಅಣ್ಣಪ್ಪಣ್ಣ?"

"ಆ ಕಂಬ ಬೇಡ ಅಂದೇಳಿ ಬೆಂಗ್ಳೂರಿಗ್ ಬರಿ. ನಮ್ಮ ಮರೆ ಎಷ್ಟ್ ಅಂದೇಳಿ ದಡದಲ್ಲ್ ಒಬ್ರಿಗ್ ಗೊತ್ತಿರ್ಕ್. ನಾಳೆ ನಮ್ಗೆ ಎಂತಾರೂ ಆದ್ರೆ ಹಡ್ಗಿಗ್ ಹೇಳುಕೆ. ಆದ್ರೆ ಅವ್ರಿಗ್ ಬೋಟ್ ಇಪ್ಪುಕಾಗ. ಗಂಡ್ಸಾದ್ರೆ ಅವಂದೊಂದ್ ಬೋಟಿರತ್ತ್. ಹೆಂಗ್ಸಾದ್ರೆ ತವರಿಂದ್ ಒಂದ್, ಗಂಡಂದ್ ಒಂದ್. ಅದ್ಕೇ ನಮ್ಮ ಹಿರಿಯೋರ್ ಹೇಳ್ತಿರ್ಲಿಲ್ಲೆ." ಅವನು ಮುಂಡಾಸನ್ನು ಮಡಿಸಿದ, ಬಿಚ್ಚಿದ. "ನಿನ್ ತವರಿನವ ಒಪ್ಪಿದ. ನಿಂಗೆ ಹೇಳಿದ್ದನ್ನ ತಾನ್ ಕೇಂಬುದಿಲ್ಲೆ ಅಂದೇಳಿ ದೇವ್ರ್ ಎದ್ರ್ ಕಾಯಿ ಮುಟ್ಟಿ ಆಣೆ ಹಾಕಿದ್ದ. ಮತ್ತ್ ನಿನ್ ಗಂಡಂದ್..."

ಅವನು ಮುಂಡಾಸನ್ನು ಮತ್ತೆ ತೊಡೆಯ ಮೇಲಿಟ್ಟ.

ಶರಾವತಿ ಬಾಗಿಲಿಗೆ ಒರಗಿ ನಿಂತಿದ್ದಳು. ಇಪ್ಪತ್ತೆರಡು ದಿನಗಳಲ್ಲಿ ಸುಕೇಶ ಇನ್ನಿಲ್ಲವೆಂದು ಅವಳೆದುರು ಮೊದಲು ಹೇಳಿದವನು ಅಣ್ಣಪ್ಪ, ಹೇಳಬೇಕಾದ ಪದವನ್ನು ಉಚ್ಚರಿಸದೆಯೇ. ನನ್ನ ಗಂಡನಿಗೆ ಬೋಟಿದೆ ಎಂದು ಅವಳು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ಅವನು ಮರುಮಾತಾಡದೆ ಎದ್ದು ಹೋಗುತ್ತಿದ್ದ. ನಾಳೆ ಬೆಳಿಗ್ಗೆ ಬೋಟುಗಳು ಮತ್ತೆ ಹೋಗುತ್ತಿದ್ದವು, ಪೆಟ್ಟಿಗೆಯಿದ್ದವು ಯಾರಿಗೂ ತಿಳಿಯದ ಮರೆಯೊಂದಿಗೆ, ಉಳಿದವು ಕುರುಡಾಗಿ.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಮುದುಕರು ಎದ್ದು ಕೂತಿರಬೇಕು. ಆದರೆ ಹೊರಗೆ ಬರಲಿಲ್ಲ, ಬೇಡ ಎನ್ನಲೂ ಇಲ್ಲ.

ಅವಳು ಒಳಗೆ ಹೋಗಿ ಒಂದು ಹೊಸ ಪುಸ್ತಕವನ್ನೂ ಪೆನ್ನನ್ನೂ ತಂದು, ಅಣ್ಣಪ್ಪನಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತಳು.

"ಹೇಳಿ."

ಅಣ್ಣಪ್ಪ ಬಗ್ಗಿ ಮೆಲ್ಲಗೆ ತನ್ನ ನಾಲ್ಕು ಬೋಟಿನ ಅಂಕಿಗಳನ್ನು ಹೇಳಿದ. ಅವಳು ಬರೆದಳು. ಬರೆದದ್ದನ್ನು ತೋರಿಸಿದಳು. ಅವನು ಓದಿ ತಲೆಯಾಡಿಸಿ, ಎದ್ದು, ಅವಳ ಮುಖ ನೋಡದೆ ಇಳಿದು ಹೋದ.

ದಿನಕರ ಬಂದು ಅದೇ ಜಾಗದಲ್ಲಿ ಕೂತ.

"ತೆಂಕಿಗೆ ನಾಕ್," ಎಂದ. "ಪಡುವಿಗೆ ಒಂಬತ್ತ್. ಅಪ್ಪಯ್ಯ ಕೊಟ್ಟದ್ದ್ ಅಲ್ಲ. ನಾ ಬದ್ಲಿಸಿದ್ದ್."

"ಮತ್ತೊಂದ್ ಸಲ ಬದ್ಲಿಸಿದ್ರೆ ಬಂದ್ ಹೇಳ್ಕ್."

"ಹೇಳ್ತೆ." ಅವನು ಏಳಲಿಲ್ಲ. "ಶರೂ, ಉಂಡ್ಯಾ?"

"ಹೊರಗ್ ಎಷ್ಟ್ ಜನ ಇದ್ರ್?"

"ಹದ್ನಾಲ್ಕ್ ಜನ."

ಅವಳು ಹಾಳೆ ತಿರುಗಿಸಿ, ಮೇಲ್ತುದಿಯಲ್ಲಿ ತಾರೀಖು ಹಾಕಿದಳು.

"ಒಬ್ಬೊಬ್ರೇ ಬಪ್ಪುಕ್ ಹೇಳ್," ಎಂದಳು. "ಒಬ್ರದ್ದ್ ಇನ್ನೊಬ್ರಿಗೆ ಕೇಂಬುದ್ ಬೇಡ."